ಬಾಲಾನಗರದ ಮನೆಗೆ ಕನ್ನಡ ವಾಹಿನಿ: ಉಚಿತವೋ, ಹಣ ಕೊಟ್ಟೋ?

ಟೆಲಿವಿಷನ್ ವಾಹಿನಿಗಳು ಉಚಿತವಾಗಿ ಸಿಗಬೇಕೆ, ಹಣ ಕೊಟ್ಟೇ ಪಡೆಯಬೇಕೆ ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ತಿಂಗಳ ಬಿಲ್ಲಿನ ಮಾತಾಗಿಯೇ ಚರ್ಚೆಗೆ ಬರುತ್ತದೆ. ಆದರೆ ಮನೆಯ ನುಡಿ ಒಂದು, ಊರಿನ ನುಡಿ ಇನ್ನೊಂದು ಆಗಿರುವ ಕಡೆ ನೆಲೆಸಿದ ಕುಟುಂಬಕ್ಕೆ ಅದು ಬಿಲ್ಲಿಗಿಂತ ದೊಡ್ಡ ಪ್ರಶ್ನೆ. ಏಕೆಂದರೆ ಮಕ್ಕಳ ಕಿವಿಗೆ ತಾಯಿನುಡಿ ದಿನಕ್ಕೆ ಎಷ್ಟು ಹೊತ್ತು ಬೀಳುತ್ತದೆ ಎಂಬುದು ಸಹ ಈ ವ್ಯವಸ್ಥೆಯಲ್ಲೇ ಸ್ವಲ್ಪಮಟ್ಟಿಗೆ ನಿರ್ಧಾರವಾಗುತ್ತದೆ. ಹೈದರಾಬಾದಿನ ಬಾಲಾನಗರದಂಥ ಬಡಾವಣೆಯಲ್ಲಿ ನಿಂತು ನೋಡಿದರೆ ಈ ಪ್ರಶ್ನೆಯ ಎಲ್ಲ ಮುಖಗಳೂ ಸ್ಪಷ್ಟವಾಗಿ ಕಾಣುತ್ತವೆ.

ಬಾಲಾನಗರ ದುಡಿಯುವವರ ಊರು. ಹಿಂದೂಸ್ತಾನ್ ಏರೋನಾಟಿಕ್ಸ್‌ನ ಏವಿಯಾನಿಕ್ಸ್ ವಿಭಾಗ, ಒಂದು ಕಾಲಕ್ಕೆ ಸಾವಿರಾರು ಮಂದಿಗೆ ಅನ್ನ ಕೊಟ್ಟ ಐಡಿಪಿಎಲ್ ಔಷಧ ಕಾರ್ಖಾನೆ, ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆ, ಇಸ್ರೋದ ರಾಷ್ಟ್ರೀಯ ದೂರ ಸಂವೇದಿ ಕೇಂದ್ರ ಮತ್ತು ಇವುಗಳ ಸುತ್ತ ಬೆಳೆದ ಸಣ್ಣಪುಟ್ಟ ಲೇತ್ ಶೆಡ್ಡುಗಳು ಸೇರಿ ಆ ಪ್ರದೇಶದ ಸ್ವರೂಪವನ್ನು ರೂಪಿಸಿವೆ. ಕೆಲಸ ಹುಡುಕಿಕೊಂಡು ಬಂದವರಿಂದಲೇ ಬೆಳೆದ ಇಂಥ ಕೈಗಾರಿಕಾ ಬಡಾವಣೆಯಲ್ಲಿ ತೆಲುಗಿನ ಜೊತೆಗೆ ಉರ್ದು, ಹಿಂದಿ, ಮರಾಠಿ, ಒಡಿಯಾ, ಕನ್ನಡ ಎಲ್ಲವೂ ಕಿವಿಗೆ ಬೀಳುವುದು ಸಹಜ. ಕನ್ನಡಕ್ಕಂತೂ ಈ ನಗರ ಹೊಸದಲ್ಲ; 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿಯಾಗಿತ್ತು, ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ಶಿಕ್ಷಣ ಸಂಸ್ಥೆಗಳು ಆ ನಂಟಿನ ಗುರುತಾಗಿ ಇಂದಿಗೂ ನಿಂತಿವೆ.

ಟೆಲಿವಿಷನ್ ಚರಿತ್ರೆಯಲ್ಲಿಯೂ ಕನ್ನಡಕ್ಕೂ ಹೈದರಾಬಾದಿಗೂ ಇರುವ ಸಂಬಂಧ ಹಳೆಯದು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ಬೋಧನಾ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಕಾರ್ಯಕ್ರಮಗಳು ತಲುಪುತ್ತಿದ್ದವು. ಕರ್ನಾಟಕದಲ್ಲಿ ಆ ಪ್ರಯೋಗಕ್ಕೆ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗಾ, ರಾಯಚೂರು ಸೀಮೆಯ ಹಳ್ಳಿಗಳು. ಅಲ್ಲಿಗೆ ಬೇಕಾದ ಕನ್ನಡ ಕಾರ್ಯಕ್ರಮಗಳು ತೆಲುಗಿನವುಗಳ ಜೊತೆಗೆ ಸಿದ್ಧವಾಗುತ್ತಿದ್ದುದು ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ. ಕೋಳಿಗೂಡಿಗೆ ಹೊದಿಸುವಂಥ ತಂತಿಬಲೆಯಿಂದ ಮಾಡಿದ, ಸುಮಾರು ಮೂರು ಮೀಟರ್ ಅಗಲದ ಆಂಟೆನಾವನ್ನು ನೆಟ್ಟು, ಊರಿಗೊಂದು ಸಾರ್ವಜನಿಕ ಟಿವಿ ಇಟ್ಟು, ಊರವರೆಲ್ಲ ಒಟ್ಟಿಗೆ ಕುಳಿತು ನೋಡುತ್ತಿದ್ದ ಆ ವ್ಯವಸ್ಥೆಯಲ್ಲಿ ಯಾರೂ ಹಣ ಕೊಡಬೇಕಿರಲಿಲ್ಲ. ಮುಂದೆ 2000ದಲ್ಲಿ ಆರಂಭವಾದ ಖಾಸಗಿ ವಾಹಿನಿ ಈಟಿವಿ ಕನ್ನಡ ಸಹ ಹೈದರಾಬಾದಿನ ಅಂಚಿನಲ್ಲಿರುವ ರಾಮೋಜಿ ಫಿಲ್ಮ್ ಸಿಟಿಯಿಂದಲೇ ಕನ್ನಡ ನಾಡಿನ ಮನೆಗಳಿಗೆ ಪ್ರಸಾರವಾಯಿತು. 2015ರಲ್ಲಿ ಅದು ಕಲರ್ಸ್ ಕನ್ನಡ ಎಂಬ ಹೆಸರು ಪಡೆಯಿತು.

ಮುಂದಿನ ಚರ್ಚೆಗೆ ಎರಡು ಪದಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ವೀಕ್ಷಕರಿಂದ ಯಾವ ಶುಲ್ಕವನ್ನೂ ಕೇಳದೆ ಪ್ರಸಾರವಾಗುವ ವಾಹಿನಿ ಉಚಿತ ವಾಹಿನಿ. ಪ್ರಸಾರಕ ಸಂಸ್ಥೆಯೇ ತಿಂಗಳ ಗರಿಷ್ಠ ಚಿಲ್ಲರೆ ಬೆಲೆಯನ್ನು ಘೋಷಿಸಿರುವ ವಾಹಿನಿ ಪಾವತಿ ವಾಹಿನಿ, ಜನರ ಮಾತಿನಲ್ಲಿ ‘ಪೇ ಚಾನೆಲ್’. ಪಾವತಿ ವಾಹಿನಿಯ ಸಂಕೇತವನ್ನು ಗೂಢಲಿಪಿಗೆ ತಿರುಗಿಸಿ ಕಳುಹಿಸಲಾಗುತ್ತದೆ, ಹಣ ಕಟ್ಟಿದ ಮನೆಯ ಸೆಟ್‌ಟಾಪ್ ಬಾಕ್ಸ್‌ಗೆ ಮಾತ್ರ ಅದನ್ನು ಬಿಡಿಸಿ ತೋರಿಸುವ ಅನುಮತಿ ಸಿಗುತ್ತದೆ. ಹಳೆಯ ಅನಲಾಗ್ ಕೇಬಲ್ಲಿನಲ್ಲಿ ಈ ವಿಂಗಡಣೆ ವೀಕ್ಷಕರ ಮಟ್ಟದಲ್ಲಿ ಸಾಧ್ಯವಿರಲಿಲ್ಲ. ಕೇಬಲ್‌ನವರು ಹರಿಸಿದ್ದೆಲ್ಲ ಎಲ್ಲರ ಮನೆಗೂ ಬರುತ್ತಿತ್ತು, ಎಲ್ಲರೂ ಒಂದೇ ಮೊತ್ತ ಕೊಡುತ್ತಿದ್ದರು. 2011ರ ತಿದ್ದುಪಡಿ ಕಾಯ್ದೆ ಡಿಜಿಟಲ್ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿ ನಾಲ್ಕು ಹಂತಗಳ ಗಡುವು ವಿಧಿಸಿತು. ಹೈದರಾಬಾದು, ಬೆಂಗಳೂರು ಮತ್ತು ಮೈಸೂರು ಸೇರಿದ್ದ 38 ನಗರಗಳ ಎರಡನೆಯ ಹಂತಕ್ಕೆ 2013ರ ಮಾರ್ಚ್ 31 ಗಡುವಾಗಿತ್ತು. ಯಾವ ಮನೆ ಯಾವ ವಾಹಿನಿಗೆ ಹಣ ಕೊಡುತ್ತಿದೆ ಎಂಬುದನ್ನು ಬೇರೆಬೇರೆಯಾಗಿ ಲೆಕ್ಕ ಹಾಕುವುದು ಈ ಬದಲಾವಣೆಯಿಂದಲೇ ಸಾಧ್ಯವಾದದ್ದರಿಂದ, ಉಚಿತ ಮತ್ತು ಪಾವತಿಯ ವಾದವೂ ಪ್ರತಿ ಮನೆಯ ವಾದವಾಯಿತು.

ಉಚಿತದ ಪಕ್ಷದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಉದಾಹರಣೆ ಡಿಡಿ ಫ್ರೀ ಡಿಶ್. ಪ್ರಸಾರ ಭಾರತಿಯ ಈ ಸೇವೆ 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ 33 ವಾಹಿನಿಗಳೊಂದಿಗೆ ಆರಂಭವಾಯಿತು. ಭೂಮಧ್ಯರೇಖೆಯ ಮೇಲೆ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನೆಲೆ ನಿಂತಿರುವ, ಹಾಸನದ ಪ್ರಧಾನ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಜಿಸ್ಯಾಟ್-15 ಉಪಗ್ರಹದಿಂದ ಅದರ ಸಂಕೇತಗಳು ಇಳಿಯುತ್ತವೆ. ಹೈದರಾಬಾದಿನಿಂದ ನೋಡಿದರೆ ಆ ಉಪಗ್ರಹ ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 63 ಡಿಗ್ರಿ ಎತ್ತರದಲ್ಲಿದೆ; ಆದ್ದರಿಂದ ತಾರಸಿಯ ಮೇಲೆ ಡಿಶ್ ಕೂರಿಸುವವನು ಅದನ್ನು ಆಗ್ನೇಯಕ್ಕೆ ತಿರುಗಿಸಿ, ಚೆನ್ನಾಗಿ ಮೇಲಕ್ಕೆತ್ತಿ, ಟಿವಿ ಪರದೆಯ ಮೇಲೆ ಸಿಗ್ನಲ್ಲಿನ ಪಟ್ಟಿ ಏರುವವರೆಗೆ ಸ್ವಲ್ಪಸ್ವಲ್ಪವೇ ಅಲುಗಿಸಿ ಬೋಲ್ಟು ಬಿಗಿಯುತ್ತಾನೆ. ಇಷ್ಟು ಎತ್ತರದ ಕೋನವಿರುವುದರಿಂದ ಒತ್ತೊತ್ತಾಗಿ ಕಟ್ಟಿದ ಮನೆಗಳ ನಡುವೆಯೂ ಆಕಾಶದ ಒಂದು ತುಂಡು ಸಿಕ್ಕರೆ ಸಾಕು. ಡಿಶ್ ಮತ್ತು ಬಾಕ್ಸ್‌ಗೆ ಸುಮಾರು ಎರಡು ಸಾವಿರ ರೂಪಾಯಿಯಷ್ಟು ಒಮ್ಮೆ ಖರ್ಚು ಮಾಡಿದರೆ ಮುಂದೆ ತಿಂಗಳ ಬಾಡಿಗೆಯೂ ಇಲ್ಲ, ರೀಚಾರ್ಜ್ ಮುಗಿಯಿತೆಂಬ ಸಂದೇಶವೂ ಬರುವುದಿಲ್ಲ. ದೇಶದಲ್ಲಿ 4 ಕೋಟಿಗೂ ಹೆಚ್ಚು ಮನೆಗಳು ಇದನ್ನು ಬಳಸುತ್ತಿವೆ ಎಂಬುದು ಉದ್ಯಮದ ಅಂದಾಜು.

ದಿನಗೂಲಿಯ ಮೇಲೆ ಬದುಕುವ, ಬಾಡಿಗೆ ಮನೆ ಬದಲಿಸುತ್ತ ಇರಬೇಕಾದ ಕುಟುಂಬಗಳು ಉಚಿತ ವಾಹಿನಿಯ ಪರವಾಗಿ ಹೇಳುವ ಮಾತು ಸರಳವಾದದ್ದು: ಕೆಲಸವಿಲ್ಲದ ತಿಂಗಳಲ್ಲಿಯೂ ಟಿವಿ ಕಪ್ಪಾಗಬಾರದು. ಸುದ್ದಿ, ಹವಾಮಾನ, ಮಕ್ಕಳ ಪಾಠ, ಒಂದಿಷ್ಟು ಮನರಂಜನೆ ಇವೆಲ್ಲ ದುಡ್ಡಿದ್ದವರಿಗೆ ಮಾತ್ರ ಮೀಸಲಾದ ಸರಕಲ್ಲ ಎಂಬ ನ್ಯಾಯಬುದ್ಧಿ ಅದರ ಹಿಂದಿದೆ. 1995ರ ಫೆಬ್ರವರಿಯಲ್ಲಿ ಬಂಗಾಳದ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಕಾಶ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪು ನೀಡಿದ್ದು ಈ ಭಾವನೆಗೆ ಕಾನೂನಿನ ಬಲ ಕೊಟ್ಟಿದೆ. 2007ರ ಕ್ರೀಡಾ ಪ್ರಸಾರ ಕಾಯ್ದೆಯಂತೆ ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರಪ್ರಸಾರವನ್ನು ಖಾಸಗಿಯವರು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕಾಗಿದ್ದು, ಆ ಪ್ರಸಾರ ದೂರದರ್ಶನದ ಸ್ವಂತ ಭೂಪ್ರಸಾರ ಮತ್ತು ಫ್ರೀ ಡಿಶ್‌ಗೆ ಮಾತ್ರ ಸೀಮಿತವೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹೀಗಾಗಿ ಅಂಥ ಪಂದ್ಯವನ್ನು ಫ್ರೀ ಡಿಶ್ ಇರುವ ಮನೆ ಉಚಿತವಾಗಿ ನೋಡಬಹುದು, ಆದರೆ ಕೇಬಲ್ಲಿಗೆ ತಿಂಗಳು ತಿಂಗಳು ಹಣ ಕಟ್ಟುವ ಪಕ್ಕದ ಮನೆ ಕ್ರೀಡಾ ವಾಹಿನಿಗೆ ಬೇರೆಯಾಗಿ ಹಣ ತೆರಬೇಕಾಗುತ್ತದೆ.

ಆದರೂ ಉಚಿತವೆಂದರೆ ಯಾರೂ ಬೆಲೆ ತೆರುತ್ತಿಲ್ಲ ಎಂದಲ್ಲ. ಫ್ರೀ ಡಿಶ್‌ನಲ್ಲಿ ಖಾಸಗಿ ವಾಹಿನಿಗಳು ತಮ್ಮ ಜಾಗವನ್ನು ಇ-ಹರಾಜಿನಲ್ಲಿ ಕೋಟಿಗಟ್ಟಲೆ ರೂಪಾಯಿ ಕೊಟ್ಟು ಹಿಡಿಯುತ್ತವೆ, ಆ ಹಣವನ್ನು ಜಾಹೀರಾತಿನಿಂದ ದುಡಿದುಕೊಳ್ಳುತ್ತವೆ. ಲೆಕ್ಕ ಸರಿಹೊಂದದಿದ್ದರೆ ಹೊರಟುಹೋಗುತ್ತವೆ. ಸ್ಟಾರ್, ಜೀ, ಸೋನಿ ಮತ್ತು ವಯಾಕಾಮ್ ಸಮೂಹಗಳು ಸ್ಟಾರ್ ಉತ್ಸವ್, ಜೀ ಅನ್ಮೋಲ್, ಸೋನಿ ಪಲ್, ರಿಶ್ತೆ ಮೊದಲಾದ ತಮ್ಮ ವಾಹಿನಿಗಳನ್ನು 2019ರ ಮಾರ್ಚ್‌ನಲ್ಲಿ ಫ್ರೀ ಡಿಶ್‌ನಿಂದ ಹಿಂತೆಗೆದುಕೊಂಡವು, 2020ರಲ್ಲಿ ಮರಳಿ ತಂದವು, 2022ರ ಏಪ್ರಿಲ್‌ನಲ್ಲಿ ಮತ್ತೆ ತೆಗೆದವು. ಕೋಟ್ಯಂತರ ವೀಕ್ಷಕರಿಗೆ ಇದರಲ್ಲಿ ಯಾವ ಮಾತೂ ಇರಲಿಲ್ಲ, ಏಕೆಂದರೆ ಹಣ ಕೊಡದವನಿಗೆ ಒಪ್ಪಂದವಿಲ್ಲ, ಒಪ್ಪಂದವಿಲ್ಲದವನಿಗೆ ದೂರು ಕೊಡುವ ಹಕ್ಕೂ ದುರ್ಬಲ. ಇನ್ನೂ ಮುಖ್ಯವಾದ ಕೊರತೆ ಭಾಷೆಯದು: ಹರಾಜಿನಲ್ಲಿ ಜಾಗ ಹಿಡಿದ ಖಾಸಗಿ ವಾಹಿನಿಗಳಲ್ಲಿ ಬಹುಪಾಲು ಹಿಂದಿಯವು, ದಕ್ಷಿಣದ ದೊಡ್ಡ ಮನರಂಜನಾ ವಾಹಿನಿಗಳು ಪಾವತಿಯ ಪಟ್ಟಿಯಲ್ಲೇ ಇವೆ. ಬಾಲಾನಗರದಲ್ಲಿ ಫ್ರೀ ಡಿಶ್ ಹಾಕಿಸಿಕೊಂಡ ಕನ್ನಡ ಕುಟುಂಬಕ್ಕೆ ಅದರಿಂದ ಖಚಿತವಾಗಿ ಸಿಗುವ ಕನ್ನಡವೆಂದರೆ ದೂರದರ್ಶನದ ಚಂದನ.

ಪಾವತಿಯ ಪಕ್ಷದವರ ವಾದಕ್ಕೂ ತೂಕವಿದೆ. ತಾನು ಬಯಸಿದ್ದನ್ನು ತಾನೇ ಆರಿಸಿಕೊಂಡು ಅದಕ್ಕಷ್ಟೇ ಹಣ ಕೊಡುವ ವೀಕ್ಷಕನಿಗೆ ವಾಹಿನಿ ಉತ್ತರದಾಯಿಯಾಗುತ್ತದೆ, ಒಳ್ಳೆಯ ಕಾರ್ಯಕ್ರಮಕ್ಕೆ ಬೇಕಾದ ಬಂಡವಾಳವೂ ಬರುತ್ತದೆ ಎಂಬುದು ಅದರ ಸಾರ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2017ರ ಮಾರ್ಚ್‌ನಲ್ಲಿ ಹೊರಡಿಸಿ 2019ರ ಫೆಬ್ರವರಿಯಿಂದ ಪೂರ್ಣವಾಗಿ ಜಾರಿಗೆ ತಂದ ದರ ನಿಯಮ ಈ ತತ್ವವನ್ನೇ ಆಧರಿಸಿತ್ತು. ಅದರಂತೆ ವೀಕ್ಷಕರು ಮೊದಲಿಗೆ ಜಾಲ ಸಾಮರ್ಥ್ಯ ಶುಲ್ಕವನ್ನು, ಅಂದರೆ ಮನೆವರೆಗೆ ಸಂಕೇತ ತಂದು ಮುಟ್ಟಿಸುವ ಸಂಪರ್ಕದ ಬಾಡಿಗೆಯನ್ನು, 100 ವಾಹಿನಿಗಳವರೆಗೆ ಹೆಚ್ಚೆಂದರೆ 130 ರೂಪಾಯಿಯಂತೆ ಕೊಡಬೇಕಿತ್ತು. ಅದರ ಮೇಲೆ ತಾವು ಬಯಸಿದ ಪಾವತಿ ವಾಹಿನಿಗಳ ಬೆಲೆಯನ್ನು ಬಿಡಿಬಿಡಿಯಾಗಿಯೋ ಗುಚ್ಛವಾಗಿಯೋ ಸೇರಿಸಿಕೊಳ್ಳಬೇಕಿತ್ತು. ಒಟ್ಟು ಮೊತ್ತಕ್ಕೆ ಶೇಕಡ 18ರ ಜಿಎಸ್‌ಟಿ ಕೂಡುತ್ತಿತ್ತು. ಗುಚ್ಛದಲ್ಲಿ ಸೇರುವ ವಾಹಿನಿಯ ಬಿಡಿ ಬೆಲೆ 19 ರೂಪಾಯಿ ಮೀರಬಾರದೆಂಬ ಮಿತಿಯನ್ನು ವಿಧಿಸಿದ ಕೂಡಲೇ ಜನಪ್ರಿಯ ಮನರಂಜನಾ ವಾಹಿನಿಗಳಲ್ಲಿ ಹಲವು ಆ ಗೆರೆಗೇ ಬಂದು ನಿಂತವು.

2019ರ ಈ ಲೆಕ್ಕವನ್ನು ಒಂದು ದ್ವಿಭಾಷಾ ಮನೆಗೆ ಅನ್ವಯಿಸಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಮಕ್ಕಳಿಗೂ ನೆರೆಹೊರೆಯ ಮಾತುಕತೆಗೂ ನಾಲ್ಕು ತೆಲುಗು ವಾಹಿನಿ, ಹಿರಿಯರಿಗಾಗಿ ಮೂರು ಕನ್ನಡ ವಾಹಿನಿ ಬೇಕೆಂದು, ಏಳೂ 19 ರೂಪಾಯಿಯವೇ ಎಂದು ಇಟ್ಟುಕೊಂಡರೆ ವಾಹಿನಿಗಳಿಗೆ 133 ರೂಪಾಯಿ, ಸಂಪರ್ಕಕ್ಕೆ 130 ರೂಪಾಯಿ, ತೆರಿಗೆ ಸೇರಿ ತಿಂಗಳಿಗೆ 310 ರೂಪಾಯಿ 34 ಪೈಸೆ ಆಗುತ್ತಿತ್ತು. ತೆಲುಗು ಮಾತ್ರ ನೋಡುವ ಪಕ್ಕದ ಮನೆಯವರು ಅದೇ ನಾಲ್ಕು ವಾಹಿನಿಗೆ 243 ರೂಪಾಯಿ 8 ಪೈಸೆಯಲ್ಲಿ ಮುಗಿಸುತ್ತಿದ್ದರು. ಎರಡು ನುಡಿಗಳ ನಡುವೆ ಬದುಕುವ ಕುಟುಂಬ ತನ್ನ ತಾಯಿನುಡಿಗಾಗಿ ತಿಂಗಳಿಗೆ 67 ರೂಪಾಯಿಗೂ ಹೆಚ್ಚು ತೆರುತ್ತಿತ್ತು ಎಂದಾಯಿತು.

ಹಣ ಕೊಡುವವರ ಅಸಮಾಧಾನದಲ್ಲಿ ಮೂರು ಅಂಶಗಳು ಪದೇಪದೇ ಕೇಳಿಬರುತ್ತವೆ. ಮೊದಲನೆಯದು ಜಾಹೀರಾತು. ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರಬಾರದೆಂಬ ಕೇಬಲ್ ನಿಯಮ ಉಚಿತ ಮತ್ತು ಪಾವತಿ ವಾಹಿನಿಗಳ ನಡುವೆ ಭೇದ ಮಾಡುವುದಿಲ್ಲವಾದ್ದರಿಂದ, ದುಡ್ಡೂ ಕೊಟ್ಟು ಜಾಹೀರಾತೂ ನೋಡಬೇಕೆ ಎಂಬ ಪ್ರಶ್ನೆಗೆ ಈವರೆಗೂ ಸಮಾಧಾನಕರ ಉತ್ತರ ಸಿಕ್ಕಿಲ್ಲ. ಎರಡನೆಯದು ಗುಚ್ಛ, ಅಂದರೆ ಜನ ‘ಪ್ಯಾಕ್’ ಎಂದು ಕರೆಯುವ ವಾಹಿನಿಗಳ ಕಟ್ಟು. ಬಿಡಿಯಾಗಿ ಕೊಂಡರೆ ದುಬಾರಿ, ಪ್ಯಾಕ್‌ನಲ್ಲಿ ಅಗ್ಗ ಎಂಬಂತೆ ಬೆಲೆ ಇಟ್ಟಾಗ, ಒಂದು ಕಟ್ಟು ಕೊತ್ತಂಬರಿಗಾಗಿ ಇಡೀ ಬುಟ್ಟಿ ತರಕಾರಿ ಹೊತ್ತು ತಂದಂತೆ, ಒಂದೆರಡು ವಾಹಿನಿ ಬೇಕಾದವರು ಯಾರೂ ನೋಡದ ಹತ್ತಾರನ್ನು ಮನೆಗೆ ತಂದುಕೊಳ್ಳುತ್ತಾರೆ. ಮೂರನೆಯದು ನಿಯಮಗಳ ಅಸ್ಥಿರತೆ. ಹೊಸ ದರ ನಿಯಮದಿಂದ ಮೊದಲ ಹತ್ತು ಸ್ಥಾನದ ವಾಹಿನಿಗಳನ್ನು ಆರಿಸುವವರ ಬಿಲ್ಲು 230-240 ರೂಪಾಯಿಯಿಂದ ಸುಮಾರು 300ಕ್ಕೆ ಏರುತ್ತದೆಂದು ರೇಟಿಂಗ್ ಸಂಸ್ಥೆ ಕ್ರಿಸಿಲ್ 2019ರ ಫೆಬ್ರವರಿಯಲ್ಲೇ ಅಂದಾಜಿಸಿತ್ತು. 2020ರ ಜನವರಿಯಲ್ಲಿ ಟ್ರಾಯ್ 130 ರೂಪಾಯಿಗೆ 200 ವಾಹಿನಿ ಕೊಡಬೇಕೆಂದೂ ಗುಚ್ಛದ ಮಿತಿಯನ್ನು 12 ರೂಪಾಯಿಗೆ ಇಳಿಸಬೇಕೆಂದೂ ಹೇಳಿತು. ಪ್ರಸಾರಕರು ನ್ಯಾಯಾಲಯಕ್ಕೆ ಹೋದರು. 2022ರ ನವೆಂಬರ್‌ನ ತಿದ್ದುಪಡಿಯಲ್ಲಿ ಮಿತಿ ಮತ್ತೆ 19ಕ್ಕೆ ಮರಳಿತು. ಅದು ಜಾರಿಗೆ ಬಂದ 2023ರ ಫೆಬ್ರವರಿಯಲ್ಲಿ ಪ್ರಸಾರಕರಿಗೂ ಕೇಬಲ್ ಸಂಸ್ಥೆಗಳಿಗೂ ಒಪ್ಪಂದ ಆಗದೆ ಲಕ್ಷಾಂತರ ಮನೆಗಳಲ್ಲಿ ಕೆಲವು ದಿನ ಪ್ರಮುಖ ವಾಹಿನಿಗಳೇ ನಿಂತುಹೋದವು. 2024ರ ಜುಲೈನಲ್ಲಿ ಸಂಪರ್ಕ ಶುಲ್ಕದ ಮೇಲಿದ್ದ ಮಿತಿಯನ್ನೇ ತೆಗೆದುಹಾಕಲಾಯಿತು. ಐದು ವರ್ಷಗಳಲ್ಲಿ ಇಷ್ಟು ಬಾರಿ ಲೆಕ್ಕ ಬದಲಾದಾಗ ಸಾಮಾನ್ಯ ವೀಕ್ಷಕ ಲೆಕ್ಕ ಕೇಳುವುದನ್ನೇ ಬಿಟ್ಟು, ಕೇಬಲ್‌ನವರು ಹೇಳಿದಷ್ಟನ್ನು ಕೊಟ್ಟು ಸುಮ್ಮನಾಗುತ್ತಾನೆ.

ಹೊರನಾಡ ಕನ್ನಡಿಗರಿಗೆ ಇವುಗಳ ಜೊತೆ ಇನ್ನೂ ಒಂದು ತೊಡಕಿದೆ, ಅದು ಹೆಚ್ಚಾಗಿ ಚರ್ಚೆಗೇ ಬರುವುದಿಲ್ಲ. 2019ರ ಫೆಬ್ರವರಿಯಲ್ಲಿ ವಾಹಿನಿಗಳನ್ನು ಆರಿಸದೆ ಉಳಿದ ಗ್ರಾಹಕರನ್ನು, ಅವರ ನೋಡುವ ರೂಢಿ ಮತ್ತು ಪ್ರದೇಶದ ಭಾಷೆಗೆ ಹೊಂದುವ ‘ಬೆಸ್ಟ್ ಫಿಟ್’ ಯೋಜನೆಗೆ ಸೇರಿಸಬೇಕೆಂದು ಟ್ರಾಯ್ ಸೂಚಿಸಿತು. ಹೈದರಾಬಾದಿನಲ್ಲಿ ಪ್ರದೇಶದ ಭಾಷೆಯೆಂದರೆ ತೆಲುಗು. ತಾನಾಗಿ ಕೇಳದ ಕನ್ನಡ ಮನೆಗೆ ಕನ್ನಡ ಬರುವ ದಾರಿ ಅದರಲ್ಲಿ ಕಿರಿದು. ವಾಹಿನಿಯ ದಿಕ್ಕಿನಿಂದಲೂ ಹೊರೆ ಕಡಿಮೆಯೇನಲ್ಲ. ತನ್ನನ್ನು ಜಾಲದಲ್ಲಿ ಹೊತ್ತು ತರುವುದಕ್ಕಾಗಿ ವಾಹಿನಿಯು ವಿತರಕ ಸಂಸ್ಥೆಗೆ ಕೊಡುವ ಹಣಕ್ಕೆ ಸಾಗಣೆ ಶುಲ್ಕವೆಂದು ಹೆಸರು. 2017ರ ನಿಯಮದಂತೆ ಸಾಧಾರಣ ಸ್ಪಷ್ಟತೆಯ ವಾಹಿನಿಗೆ ಅದು ತಿಂಗಳಿಗೆ ಗ್ರಾಹಕನೊಬ್ಬನಿಗೆ ಹೆಚ್ಚೆಂದರೆ 20 ಪೈಸೆ. ಜಾಲದ ಗ್ರಾಹಕರಲ್ಲಿ ಶೇಕಡ 20 ಅಥವಾ ಹೆಚ್ಚು ಮಂದಿ ಚಂದಾದಾರರಾಗಿದ್ದರೆ ಆ ಶುಲ್ಕವೇ ಇಲ್ಲ, ಶೇಕಡ 5ಕ್ಕಿಂತ ಕಡಿಮೆಯಾದರೆ ಪೂರ್ಣ ಶುಲ್ಕ, ಆರು ತಿಂಗಳು ಸತತವಾಗಿ 5ರ ಕೆಳಗೇ ಉಳಿದರೆ ವಿತರಕರು ವಾಹಿನಿಯನ್ನು ಕೈಬಿಡಲೂಬಹುದು. ಬಹುಸಂಖ್ಯಾತರ ಭಾಷೆಯ ವಾಹಿನಿಗೆ ಹಗುರವಾಗಿರುವ ನಿಯಮ ಭಾಷಾ ಅಲ್ಪಸಂಖ್ಯಾತರ ವಾಹಿನಿಗೆ ಭಾರವಾಗಿರುವುದು ಇಲ್ಲಿ ಸ್ಪಷ್ಟ. ಕನ್ನಡ ವಾಹಿನಿಯಲ್ಲಿ ಜಾಹೀರಾತು ಕೊಡುವವನ ಗಿರಾಕಿಗಳು ಮುಖ್ಯವಾಗಿ ಕರ್ನಾಟಕದಲ್ಲಿ ಇರುವುದರಿಂದ, ಬಾಲಾನಗರದ ಕನ್ನಡ ಮನೆಗಾಗಿ ಆ ಭಾರ ಹೊರುವ ಆಸಕ್ತಿ ಮಾರುಕಟ್ಟೆಗೆ ತಾನಾಗಿ ಹುಟ್ಟುವುದಿಲ್ಲ.

ಇದೇ ಕಾರಣದಿಂದ ಚಂದನದ ಸ್ಥಾನ ವಿಶಿಷ್ಟವಾದದ್ದು. 1991ರ ಆಗಸ್ಟ್ 15ರಂದು ಬೆಂಗಳೂರು ದೂರದರ್ಶನದ ಕನ್ನಡ ವಾಹಿನಿಯಾಗಿ ಆರಂಭವಾದ ಅದು ಫ್ರೀ ಡಿಶ್‌ನಲ್ಲಿ ಇದೆ, ವಿತರಕರು ಕಡ್ಡಾಯವಾಗಿ ಒಯ್ಯಬೇಕಾದ ದೂರದರ್ಶನ ವಾಹಿನಿಗಳ ಪಟ್ಟಿಯಲ್ಲಿಯೂ ಇದೆ. ಶೇಕಡ 5ರ ಅಳತೆ ಅದಕ್ಕೆ ತಗುಲುವುದಿಲ್ಲ. 2002ರಲ್ಲಿ ಆರಂಭವಾಗಿ ಸಾವಿರಾರು ಕಂತುಗಳನ್ನು ದಾಟಿದ, ಡಾ. ನಾ. ಸೋಮೇಶ್ವರ ಅವರು ನಡೆಸಿಕೊಡುವ ‘ಥಟ್ ಅಂತ ಹೇಳಿ’ ಸ್ಪರ್ಧಿಗಳಿಗೆ ಪುಸ್ತಕಗಳನ್ನೇ ಬಹುಮಾನವಾಗಿ ಕೊಡುತ್ತ ಬಂದಿದೆ. ಪ್ರೇಕ್ಷಕ ಸಂಖ್ಯೆಯನ್ನೇ ನೆಚ್ಚಿದ ವಾಹಿನಿಯಲ್ಲಿ ಇಂಥದೊಂದು ಕಾರ್ಯಕ್ರಮ ಇಷ್ಟು ಕಾಲ ಬಾಳುವುದು ಕಷ್ಟ. ಆದರೆ ಉಚಿತವಾಗಿ ತಲುಪುವುದೊಂದೇ ಸಾಲದು. ಹೊಸ ಕಥನ, ಮಕ್ಕಳಿಗೆ ಒಗ್ಗುವ ಕಾರ್ಯಕ್ರಮ, ಚೊಕ್ಕ ಚಿತ್ರಗುಣ ಇಲ್ಲದಿದ್ದರೆ ಕಡ್ಡಾಯ ಪಟ್ಟಿಯಲ್ಲಿದ್ದರೂ ರಿಮೋಟ್ ಅದನ್ನು ದಾಟಿಕೊಂಡು ಹೋಗುತ್ತದೆ. ಆಕಾಶವಾಣಿ ಮತ್ತು ದೂರದರ್ಶನದ ಸುಧಾರಣೆಗಾಗಿ 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ 2,539 ಕೋಟಿ ರೂಪಾಯಿಗೂ ಮೀರಿದ ಯೋಜನೆಯಲ್ಲಿ ಗಡಿ, ಬುಡಕಟ್ಟು ಮತ್ತು ದೂರದ ಪ್ರದೇಶಗಳಿಗೆ 8 ಲಕ್ಷಕ್ಕೂ ಹೆಚ್ಚು ಫ್ರೀ ಡಿಶ್ ಬಾಕ್ಸ್ ಹಂಚುವ ಉದ್ದೇಶವಿತ್ತು. ಬಾಕ್ಸ್‌ನಷ್ಟೇ ಕಾಳಜಿ ಅದರೊಳಗೆ ಹರಿಯುವ ಪ್ರಾದೇಶಿಕ ಭಾಷೆಯ ಕಾರ್ಯಕ್ರಮಗಳಿಗೂ ಸಲ್ಲಬೇಕು.

ಮೊಬೈಲ್ ಬಂದ ಮೇಲೆ ಈ ವಾದವೇ ಹಳತಾಯಿತೆಂಬ ಮಾತೂ ಇದೆ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ‘ವೇವ್ಸ್’ ಎಂಬ ತನ್ನ ಆ್ಯಪ್ ಹೊರತಂದಿದೆ, ಯೂಟ್ಯೂಬಿನಲ್ಲಿ ಕನ್ನಡಕ್ಕೆ ಬರವಿಲ್ಲ. ಆದರೆ ಇಂಟರ್ನೆಟ್ಟಿನ ಉಚಿತವೂ ಡೇಟಾ ರೀಚಾರ್ಜ್ ಎಂಬ ಬಾಗಿಲನ್ನು ದಾಟಿಯೇ ಬರಬೇಕು. ಅಲ್ಲದೆ ಮನೆಮಂದಿಯೆಲ್ಲ ಒಂದೇ ಪರದೆಯ ಮುಂದೆ ಕುಳಿತು ಒಂದೇ ನುಡಿಯನ್ನು ಕೇಳುವ ಅವಕಾಶವನ್ನು ಅಂಗೈಯ ಪರದೆ ಕೊಡುವುದಿಲ್ಲ. ಬ್ರಿಟನ್ನಿನ ಅನುಭವ ಇಲ್ಲಿ ಗಮನಾರ್ಹ: ಆಂಟೆನಾ ಮೂಲಕ ಹಣಕ್ಕೆ ವಾಹಿನಿಗಳನ್ನು ಮಾರಹೊರಟ ಐಟಿವಿ ಡಿಜಿಟಲ್ 2002ರಲ್ಲಿ ಮುಳುಗಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಅದೇ ತರಂಗಗಳ ಮೇಲೆ ಆರಂಭವಾದ ಫ್ರೀವ್ಯೂ ತಿಂಗಳ ಚಂದಾ ಇಲ್ಲದೆ ದೇಶದ ಮನೆಮಾತಾಯಿತು. ಅಲ್ಲಿ ಜನ ಮೆಚ್ಚಿದ್ದು ಅಗ್ಗವನ್ನಷ್ಟೇ ಅಲ್ಲ. ಬಿಬಿಸಿಯಂಥ ಸಂಸ್ಥೆ ಲೈಸೆನ್ಸ್ ಶುಲ್ಕದ ಬಲದಿಂದ ಉಳಿಸಿಕೊಂಡ ಗುಣಮಟ್ಟವೂ ಉಚಿತ ವಾಹಿನಿಗಳನ್ನು ನೋಡಲು ಯೋಗ್ಯವಾಗಿಸಿತ್ತು.

ಹಾಗಾದರೆ ಉಚಿತ ಬೇಕೋ ಪಾವತಿ ಬೇಕೋ ಎಂದು ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ಅಗತ್ಯವಿಲ್ಲ. ಹಣ ಕೊಡುವವರಿಗೆ ಬೇಕಾದದ್ದು ಒಂದೊಂದು ವಾಹಿನಿಯ ಬೆಲೆ ಪರದೆಯ ಮೇಲೆಯೇ ಕಾಣುವ ಪಾರದರ್ಶಕತೆ, ಬೇಡವಾದದ್ದನ್ನು ಯಾರ ಅಪ್ಪಣೆಯೂ ಇಲ್ಲದೆ ಕೈಬಿಡುವ ಸ್ವಾತಂತ್ರ್ಯ, ಮತ್ತು ಹಣ ತೆತ್ತ ವಾಹಿನಿಯಲ್ಲಿ ಜಾಹೀರಾತಿಗೆ ಇನ್ನಷ್ಟು ಬಿಗಿಯಾದ ಮಿತಿ. ಹಣ ಕೊಡಲಾಗದವರಿಗೆ ಬೇಕಾದದ್ದು ಯಾವ ಹರಾಜಿನಲ್ಲೂ ಕಳೆದುಹೋಗದ, ಅವರ ನುಡಿಯಲ್ಲೇ ಮಾತಾಡುವ ಒಂದು ಸಾರ್ವಜನಿಕ ವಾಹಿನಿ. ರಾಜ್ಯದ ಹೊರಗೆ ನೆಲೆಸಿದವರಿಗೆ ಇವೆರಡರ ಜೊತೆಗೆ ಸಂಪರ್ಕ ಕೊಡುವ ದಿನವೇ ಮನೆಯ ಭಾಷೆ ಯಾವುದೆಂದು ಕೇಳುವ ಕ್ರಮ, ಹೊರರಾಜ್ಯದ ಭಾಷೆಯ ಎರಡು ಮೂರು ವಾಹಿನಿಗಳಿಗೆಂದೇ ಸಣ್ಣ ಪ್ಯಾಕ್, ಅಲ್ಪಸಂಖ್ಯಾತ ಭಾಷೆಯ ವಾಹಿನಿಗಳಿಗೆ ಶೇಕಡ 5ರ ನಿಯಮದಿಂದ ವಿನಾಯಿತಿ ಅಗತ್ಯ. ಈ ಬೇಡಿಕೆಗಳು ಬಾಲಾನಗರದ ಕನ್ನಡಿಗರಿಗೆ ಎಷ್ಟು ನ್ಯಾಯವೋ ಬೆಂಗಳೂರಿನ ತೆಲುಗರಿಗೂ, ಮುಂಬಯಿಯ ತಮಿಳರಿಗೂ ಅಷ್ಟೇ ನ್ಯಾಯ. ದರ ನಿಯಮಗಳನ್ನು ಮುಂದೆ ತಿದ್ದುವಾಗ ಟ್ರಾಯ್ ಈ ಭಾಷಾ ಅಲ್ಪಸಂಖ್ಯಾತರನ್ನು ಪ್ರತ್ಯೇಕವಾಗಿ ಗಣನೆಗೆ ತೆಗೆದುಕೊಳ್ಳಬೇಕು, ಹೊರನಾಡಿನ ಕನ್ನಡ ಸಂಘಗಳು ತಮ್ಮ ಸದಸ್ಯರ ಅಭಿಪ್ರಾಯವನ್ನು ಸಂಗ್ರಹಿಸಿ ಪ್ರಾಧಿಕಾರದ ಸಾರ್ವಜನಿಕ ಸಮಾಲೋಚನೆಯಲ್ಲಿ ಮಂಡಿಸಬೇಕು. ಕೇಳದೆ ಇದ್ದವರ ಪಾಲಿಗೆ ಊರಿನ ಬಹುಮತದ ಪ್ಯಾಕ್ ತಾನಾಗಿ ಬಂದುಬಿಡುತ್ತದೆ ಎಂಬುದನ್ನು 2019ರ ಅನುಭವವೇ ತೋರಿಸಿಕೊಟ್ಟಿದೆ.